ಐದು ಸಾಹೇಬರ ಒಂದೇ ಆಕಾಶಮಲ್ಲಿಗೆ

ಕಾಕೂ ತೀರಿಕೊಂಡ ಸುದ್ದಿಯನ್ನು ನನಗೆ ಮುಟ್ಟಿಸಿದವರು ಅವರ ಮನೆಯವರಲ್ಲ, ನಮ್ಮ ಇಲಾಖೆಯಿಂದ ನಿವೃತ್ತರಾಗಿ ಎಷ್ಟೋ ವರ್ಷವಾಗಿರುವ ಒಬ್ಬ ಸಾಹೇಬರು. "ನಮ್ಮ ಗಿಡದಾಕಿ ಹೋದ್ಲಂತಲ್ಲೋ" ಎಂದು ಫೋನಿನಲ್ಲಿ ಹೇಳಿ ಅತ್ತುಬಿಟ್ಟರು. ಸೇವೆಯಲ್ಲಿದ್ದಾಗ ಇದೇ ಸಾಹೇಬರು ಯಾರ ಮನೆಯ ಸಾವಿಗೂ ಎರಡು ದಿನಕ್ಕಿಂತ ಹೆಚ್ಚು ರಜೆ ಕೊಟ್ಟವರಲ್ಲ. ನನಗೂ ಅಳು ಬಂತು. ಆದರೆ ಅರ್ಧದಲ್ಲೇ ನಗು ನುಗ್ಗಿ ಅಳು ಕೆಟ್ಟುಹೋಯಿತು. ಕಾಕೂ ನೆನಪಾದರೆ ನನಗೆ ಯಾವಾಗಲೂ ಹೀಗೇ ಆಗುವುದು.

ಆಗ ನಾನು ಸಂಶಿ ರಸ್ತೆಯ ಬಾಜೂಕಿರುವ ನಮ್ಮ ಇಲಾಖೆಯ ಹಳೇ ಬಂಗಲೆಯಲ್ಲಿ ಕ್ಲಾರ್ಕ್ ಆಗಿದ್ದೆ. ಮುಂಬೈ ಸರಕಾರದ ಕಾಲದ ಬಂಗಲೆ. ಮುಂದಿನ ಎರಡು ಕೋಣೆ ಆಫೀಸು, ಹಿಂದಿನ ಎರಡು ಕೋಣೆ ತಿರುಗಾಟಕ್ಕೆ ಬಂದ ಸಾಹೇಬರಿಗೆ ಮಲಗಲು. ಸುತ್ತ ಒಂದು ತೋಟ. ತೋಟ ಅಂದರೆ ಹೊಟ್ಟೆಗೆ ಏನೂ ಕೊಡದ ತೋಟ. ಬೇಲಿಗೆ ಮದರಂಗಿ, ದಾರಿಯ ಎರಡೂ ಬದಿಗೆ ಬಣ್ಣಬಣ್ಣದ ಕ್ರೋಟನ್ನು, ಕಮಾನಿನ ಮೇಲೆ ಕಾಗದದ ಹೂವಿನ ಬಳ್ಳಿ, ಬಾವಿಯ ಹತ್ತಿರ ಎರಡು ಕಣಗಿಲೆ, ಒಂದು ಮುದಿ ದಾಸವಾಳ. ಎಲ್ಲದರ ನಡುವೆ, ಬಂಗಲೆಯ ಹೆಂಚಿನ ಎರಡು ಪಟ್ಟು ಎತ್ತರಕ್ಕೆ, ಒಂದು ಆಕಾಶಮಲ್ಲಿಗೆ ಮರ. ದೀಪಾವಳಿಯ ಸುಮಾರಿಗೆ ಅದು ಹೂ ಬಿಟ್ಟರೆ ಬೆಳಿಗ್ಗೆ ನಾನು ಆಫೀಸಿನ ಬಾಗಿಲು ತೆಗೆಯುವಾಗ ಮೆಟ್ಟಿಲ ತುಂಬ ಉದ್ದ ತೊಟ್ಟಿನ ಬಿಳಿ ಹೂಗಳು ಬಿದ್ದಿರುತ್ತಿದ್ದವು. ಅವನ್ನು ತುಳಿದು ಒಳಗೆ ಹೋಗಲು ಮನಸ್ಸಾಗದೆ ನಾನು ಹಿಂದಿನ ಬಾಗಿಲಿಂದ ಹೋಗುತ್ತಿದ್ದೆ, ತಡವಾಗಿ ಬಂದ ದಿನ ಅದೇ ಕಾರಣವನ್ನೂ ಹೇಳುತ್ತಿದ್ದೆ.

ಕಾಕೂ ಈ ತೋಟದ ಮಾಲಿ. ಗಂಡ ಅದೇ ಕೆಲಸದಲ್ಲಿದ್ದಾಗ ತೀರಿಕೊಂಡಿದ್ದರಿಂದ ಅನುಕಂಪದ ಆಧಾರದ ಮೇಲೆ ನೌಕರಿ ಅವರಿಗೆ ಬಂದಿತ್ತು. ಹೆಸರು ಹಾಜರಿ ಪುಸ್ತಕದಲ್ಲಿತ್ತು, ಯಾರ ಬಾಯಲ್ಲೂ ಇರಲಿಲ್ಲ. ಸಾಹೇಬರಿಂದ ಹಿಡಿದು ಹಾಲಿನವನವರೆಗೆ ಎಲ್ಲರಿಗೂ ಅವರು ಕಾಕೂನೇ. ಹಣೆ ತುಂಬ ವಿಭೂತಿ, ಸೀರೆಯ ಮೇಲೆ ಗಂಡನ ಖಾಕಿ ಅಂಗಿ, ಕೈಯಲ್ಲಿ ಕುಡುಗೋಲು. ಆ ವೇಷದಲ್ಲಿ ಅವರು ಕಮಾನಿನ ಕೆಳಗೆ ನಿಂತಿದ್ದರೆ ಅರ್ಜಿ ಕೊಡಲು ಬಂದವರಲ್ಲಿ ಅರ್ಧ ಮಂದಿ ನಾಳೆ ಬಂದರಾಯಿತೆಂದು ತಿರುಗಿ ಹೋಗುತ್ತಿದ್ದರು.

ತವರು ತಿರ್ಲಾಪುರ. ಹತ್ತಿ, ಕಡಲೆ, ಜೋಳದ ನಡುವೆ ಬೆಳೆದ ಹೆಂಗಸು. ತಿನ್ನಲು, ಉಡಲು, ಮಾರಲು ಬಾರದ ಗಿಡಕ್ಕೆ ದಿನಾ ನೀರು ಹಾಕುವುದೆಂದರೆ ಏನೆಂದು ಅವರಿಗೆ ಮೊದಮೊದಲು ತಿಳಿಯಲೇ ಇಲ್ಲ. "ಕಾಳ ಇಲ್ಲ, ಕಾಯಿ ಇಲ್ಲ, ಇವನ್ನ ಎದಕ್ಕ ಸಾಕೀರಿ?" ಎಂದು ಕೇಳಿದ್ದರಂತೆ. ನೌಕರಿಗೆ ಸೇರಿದ ವರ್ಷವೇ ಬಂಗಲೆಯ ಮುಂದಿನ ಹುಲ್ಲುಹಾಸನ್ನು ಅಗೆದು, ಇಷ್ಟು ಮೆತ್ತಗಿನ ನೆಲ ಯಾಕೆ ಖಾಲಿ ಬಿಡಬೇಕೆಂದು ಕಡಲೆ ಬಿತ್ತಿಬಿಟ್ಟರು. ಆಗಿದ್ದ ಸಾಹೇಬರು ನೋಟೀಸು ಕೊಡಲು ಕಾಗದ ತರಿಸಿದರು. ಕಾಗದ ಬರುವಷ್ಟರಲ್ಲಿ ಕಾಕೂ ಒಂದು ತಾಟು ಹಸಿ ಕಡಲೆ ಸುಲಿದು ಮೇಜಿನ ಮೇಲಿಟ್ಟರು. ನೋಟೀಸು ಹೋಗಲಿಲ್ಲ. ಕಡಲೆ ಕೀಳುವವರೆಗೂ ಸಾಹೇಬರು ತಿರುಗಾಟ ಕಡಿಮೆ ಮಾಡಿ ಆಫೀಸಿನಲ್ಲೇ ಕೂತರೆಂದು ನನಗಿಂತ ಹಿಂದಿನ ಕ್ಲಾರ್ಕ್ ಹೇಳುತ್ತಿದ್ದ.

ಮುಂದೆ ಹೂಗಿಡಗಳ ಜೊತೆ ಅವರಿಗೆ ಹೊಂದಾಣಿಕೆಯಾಯಿತು. ಆದರೆ ಯಾವುದನ್ನೂ ಸುಮ್ಮನೆ ಹೊಗಳಿದವರಲ್ಲ. ಕ್ರೋಟನ್ನಿಗೆ ನೀರು ಹಾಕುತ್ತ, "ನೋಡ, ಮದುವಿಗಿ ಬಂದ ಬೀಗರ ಹಂಗ ನಿಂತಾವು. ಬಣ್ಣಾ ಭಾಳ, ಕೆಲಸಾ ಏನೂ ಇಲ್ಲ" ಅನ್ನುತ್ತಿದ್ದರು. ಕಾಗದದ ಹೂವು ಅವರ ಪ್ರಕಾರ ನಮ್ಮ ಆಫೀಸಿಗೆ ತಕ್ಕದ್ದು, ಬುಟ್ಟಿಗಟ್ಟಲೆ ಬೀಳುತ್ತದೆ, ಒಂದಕ್ಕೂ ವಾಸನೆಯಿಲ್ಲ. ಮದರಂಗಿ ಬೇಲಿಯನ್ನು ಮಾತ್ರ ಪ್ರೀತಿಯಿಂದ ಕತ್ತರಿಸುತ್ತಿದ್ದರು. ರಮ್ಜಾನ್ ಹತ್ತಿರ ಬಂತೆಂದರೆ ಓಣಿಯ ಹೆಣ್ಣುಮಕ್ಕಳೆಲ್ಲ ಸೆರಗು ಒಡ್ಡಿಕೊಂಡು ಬರುತ್ತಿದ್ದರು, ಯಾರದಾದರೂ ಮದುವೆಯಿದ್ದರೂ ಅಷ್ಟೇ. ಹೀಗಾಗಿ ನಮ್ಮ ಬೇಲಿ ರಸ್ತೆಯ ಕಡೆಗೆ ವರ್ಷದಲ್ಲಿ ಆರು ತಿಂಗಳು ಬೋಳಾಗಿರುತ್ತಿತ್ತು. ಸಾಹೇಬರು ಕೇಳಿದರೆ, "ರೋಗ ಬಿದ್ದೈತ್ರಿ" ಎನ್ನುವರು. "ಒಂದ ಕಡೆ ಅಷ್ಟ ಹೆಂಗ ಬಿತ್ತಬೇ?" ಎಂದರೆ, "ರೋಗಕ್ಕ ನಾ ಏನ ಆರ್ಡರ್ ಕೊಟ್ಟೇನ್ರಿ?"

ಸುಳ್ಳು ಹೇಳುವಾಗ ಕಾಕೂ ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ನಿಜ ಹೇಳುವಾಗಲೇ ಅವರು ನೆಲ ನೋಡುತ್ತಿದ್ದದ್ದು.

ಇನ್ನು ಸಾಹೇಬರ ಗಿಡಗಳ ವಿಷಯ. ನಮ್ಮ ಇಲಾಖೆಯಲ್ಲಿ ಒಂದು ಪದ್ಧತಿ. ಬಂಗಲೆಗೆ ಬಂದ ಪ್ರತಿಯೊಬ್ಬ ಸಾಹೇಬರೂ ತಮ್ಮ ಕಾಲದಲ್ಲಿ ಒಂದು ಸಸಿ ನೆಡಬೇಕು, ಅದರ ಮುಂದೆ ಮೊಳಕ್ಕಿಂತ ದೊಡ್ಡದಾದ ಒಂದು ಫರಸಿ ಕಲ್ಲು ಹುಗಿಯಬೇಕು, ಕಲ್ಲಿನ ಮೇಲೆ ಹೆಸರು, ಹುದ್ದೆ, ಕೆಳಗೆ "ಇವರ ಅಮೃತ ಹಸ್ತದಿಂದ" ಎಂದು ಕೆತ್ತಿಸಬೇಕು. ಫೋಟೋ ಆಗುತ್ತಿತ್ತು, ಪೇಢೆ ಹಂಚುತ್ತಿದ್ದರು. ಆಮೇಲೆ ಸಾಹೇಬರಿಗೆ ವರ್ಗ ಆಗುತ್ತಿತ್ತು, ಸಸಿ ಸಾಯುತ್ತಿತ್ತು. ನಮ್ಮದು ಎರೆಭೂಮಿ. ಮಳೆಗಾಲದಲ್ಲಿ ಕೆಸರು ಹಿಡಿದು ಬೇರು ಕೊಳೆಸುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಉಳಿದದ್ದನ್ನು ಆಡುಗಳು ನೋಡಿಕೊಳ್ಳುತ್ತವೆ. ಕಲ್ಲುಗಳು ಮಾತ್ರ ಗಟ್ಟಿಯಾಗಿ ಉಳಿದವು. ಕಾಕೂ ಅವನ್ನು ಕಿತ್ತು ಬೇರೆ ಬೇರೆ ಕೆಲಸಕ್ಕೆ ಹಚ್ಚಿದ್ದರು. ಒಬ್ಬ ಸಾಹೇಬರು ನೀರಿನ ಡ್ರಮ್ಮಿನ ಮುಚ್ಚಳ, ಇನ್ನೊಬ್ಬರು ಬಾವಿಯ ಕಟ್ಟೆಯಲ್ಲಿ ಬಟ್ಟೆ ಒಗೆಯುವ ಕಲ್ಲು, ಮತ್ತೊಬ್ಬರು ಸ್ಟೋರ್ ರೂಮಿನ ಬಾಗಿಲಿಗೆ ಅಡ್ಡ.

ನಿವೃತ್ತರಾದ ಸಾಹೇಬರೊಬ್ಬರು ಒಂದು ದಿನ ತಮ್ಮ ಗಿಡ ನೋಡಲು ಬಂದರಂತೆ. ಎತ್ತರದ ಆಳು, ಕೈಯಲ್ಲಿ ಬೆತ್ತ. ಕಾಕೂನ ಕಾಲದಲ್ಲಿ ಗಿಡ ನೆಟ್ಟ ಐವರು ಸಾಹೇಬರಲ್ಲಿ ಎಲ್ಲರಿಗಿಂತ ಹಿರಿಯರು ಅವರೇ, ಹಿರಿಯ ಸಾಹೇಬರೆಂದೇ ಕರೆಯುತ್ತೇನೆ. ನನಗೆ ಮೊನ್ನೆ ಫೋನ್ ಮಾಡಿದವರೂ ಅವರೇ. ತಾವು ನೆಟ್ಟ ಜಾಗದಲ್ಲಿ ಬರೀ ಕುಣಿ ಕಂಡು ಅವರ ಮುಖ ಹೇಗಾಯಿತೆಂಬುದನ್ನು ಕಾಕೂ ನನಗೆ ಎಷ್ಟೋ ಸಲ ಹೇಳಿದ್ದಾರೆ.

"ತಮ್ಮಾ, ಜಾತ್ರ್ಯಾಗ ಕೈ ಬಿಟ್ಟ ಕೂಸಿನ ಗತೆ ಆತು ಆ ಮಾರಿ. ನನಗ ನೋಡಾಕ ಆಗಲಿಲ್ಲ. ಬಾಯಾಗ ತಾನ ಬಂತ ನೋಡು, ಸಾಹೇಬ್ರ, ಅಲ್ಲಿ ನೆಲಾ ಛಲೋ ಇರಲಿಲ್ಲಂತ ನಿಮ್ಮ ಗಿಡಾ ಕಿತ್ತು ಇಲ್ಲಿ ಹಚ್ಚೇವ್ರಿ, ಅಂತ ಆಕಾಶಮಲ್ಲಿಗಿ ತೋರಿಸಿಬಿಟ್ಟೆ."

ಸಾಹೇಬರು ತಲೆಯೆತ್ತಿ ನೋಡಿದರು. ಒಬ್ಬರ ತೋಳ ತೆಕ್ಕೆಗೆ ಸಿಗದಷ್ಟು ದಪ್ಪ ಮರ. ಅವರು ನೆಟ್ಟು ಆಗ ಎಂಟೇ ವರ್ಷ.

"ಇಷ್ಟ ದೊಡ್ಡದಾತೇನಬೇ?"

"ನಿಮ್ಮ ಕೈಗುಣಾರಿ."

ನಮ್ಮ ಇಲಾಖೆಯಲ್ಲಿ ತಮ್ಮ ಕೈಗುಣವನ್ನು ಅಲ್ಲಗಳೆದ ಸಾಹೇಬರು ಇದುವರೆಗೂ ಹುಟ್ಟಿಲ್ಲ. ಸೇವೆಯಲ್ಲಿದ್ದಾಗ ಫೈಲು ಬಿಟ್ಟು ತಲೆಯೆತ್ತಿ ಬಂಗಲೆಯ ಮರ ನೋಡಿದವರೂ ಇಲ್ಲ. ಹಿರಿಯ ಸಾಹೇಬರು ಮರದ ಬುಡಕ್ಕೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತು, ಚಹಾ ಕುಡಿದು, ಮೊಮ್ಮಕ್ಕಳಿಗೆ ತೋರಿಸಲೆಂದು ಫೋಟೋ ತೆಗೆಸಿಕೊಂಡು ಹೋದರು. ಮುಂದೆ ವರ್ಷಕ್ಕೊಮ್ಮೆ ತಪ್ಪದೆ ಬಂದರು. ಕಾಕೂನ ಕಷ್ಟ ಅಲ್ಲಿಂದ ಶುರುವಾಯಿತು, ಏಕೆಂದರೆ ಉಳಿದ ನಾಲ್ವರು ಸಾಹೇಬರೂ ಒಬ್ಬೊಬ್ಬರಾಗಿ ನಿವೃತ್ತರಾಗಿ, ಒಬ್ಬೊಬ್ಬರಾಗಿ ಗಿಡ ನೋಡಲು ಬಂದರು. ತೋರಿಸಲು ಇದ್ದದ್ದು ಅದೊಂದೇ ಮರ.

ನಾನು ಆ ಬಂಗಲೆಗೆ ಬಂದ ಮೇಲೆ ಈ ಕಾರಭಾರದಲ್ಲಿ ನನಗೂ ಪಾಲು ಬಂತು. ಸಾಹೇಬರ ಫೋನ್ ಬರುತ್ತಿದ್ದದ್ದು ನನಗೆ. ಯಾರು ಬರುತ್ತಾರೆಂದು ಕಿಟಕಿಯಿಂದ ಕೂಗಿ ಹೇಳಿದರೆ ಸಾಕು, ಕಾಕೂ ಡ್ರಮ್ಮಿನ ಮುಚ್ಚಳವನ್ನೋ ಒಗೆಯುವ ಕಲ್ಲನ್ನೋ ತೊಳೆದು ತಂದು ಮರದ ಬುಡದಲ್ಲಿ ಹುಗಿದು, ಮೇಲೆ ನಾಲ್ಕು ದಾಸವಾಳ ಇಡುತ್ತಿದ್ದರು. ಒಬ್ಬರು ಹೋದ ಮೇಲೆ ಕಲ್ಲು ಮತ್ತೆ ತನ್ನ ಕೆಲಸಕ್ಕೆ ಹಾಜರು. ಒಮ್ಮೆ ಇಬ್ಬರು ಸಾಹೇಬರು ಒಂದೇ ದಿನ, ಅರ್ಧ ತಾಸಿನ ಅಂತರದಲ್ಲಿ ಬಂದುಬಿಟ್ಟರು. ಕಾಕೂ ಮೊದಲನೆಯವರನ್ನು ಹಿಂದಿನ ಪಡಸಾಲೆಯಲ್ಲಿ ಕೂಡಿಸಿ ಗಿರಮಿಟ್ ತಿನ್ನಿಸುತ್ತಿದ್ದರೆ, ನಾನು ಮದರಂಗಿ ಬೇಲಿಯ ಮರೆಯಲ್ಲಿ ಬಗ್ಗಿಕೊಂಡು ಹೋಗಿ ಕಲ್ಲು ಬದಲಿಸಿದೆ. ಗಡಿಬಿಡಿಯಲ್ಲಿ ತಲೆಕೆಳಗಾಗಿ ಹುಗಿದಿದ್ದೆ. ಎರಡನೆಯ ಸಾಹೇಬರು ಕತ್ತು ಓರೆ ಮಾಡಿ ತಮ್ಮ ಹೆಸರನ್ನು ಓದುತ್ತಿದ್ದರೆ ಕಾಕೂ, "ಗಿಡಾ ಬೆಳೀತ ಬೆಳೀತ ಬೇರ ಕಲ್ಲನ್ನ ತಿರುವಿ ಹಾಕೇತ್ರಿ" ಎಂದರು. ಸಾಹೇಬರು ಇಂಜಿನಿಯರು. ತಲೆಯಾಡಿಸಿದರು.

ಹೂವಿನ ಬಣ್ಣ ಬೇರೆ ಎಂಬ ತಕರಾರನ್ನು ತೆಗೆದವರು ಒಬ್ಬರೇ, ಮೀಸೆಯ ಸಾಹೇಬರು. "ನಾ ಹಚ್ಚಿದ್ದು ಗುಲ್‌ಮೊಹರ್ ಇದ್ದಂಗಿತ್ತಲ್ಲ, ಕೆಂಪ ಹೂವಿಂದು" ಎಂದರು. ಕಾಕೂ ಅವರ ತಲೆಯ ಕಡೆ ನೋಡಿ, "ವಯಸ್ಸಾದ ಮ್ಯಾಲೆ ಬೆಳ್ಳಗ ಆಗತಾವಲ್ರಿ" ಎಂದುಬಿಟ್ಟರು. ಅವರು ಮೀಸೆ ತಿರುವಿಕೊಂಡು ಕಲ್ಲಿನ ಪಕ್ಕದಲ್ಲಿ ಫೋಟೋಕ್ಕೆ ನಿಂತರು.

ಹೀಗೆ ನಡೆಯುತ್ತಿದ್ದಾಗ ಒಬ್ಬ ಹೊಸ ಸಾಹೇಬ ಬಂದ. ವಯಸ್ಸು ಸಣ್ಣದು, ಗಾಡಿ ದೊಡ್ಡದು. ಗಾಡಿಗೆ ಬಿಸಿಲು ತಾಗುತ್ತದೆ, ಅದಕ್ಕೆ ತಗಡಿನ ಶೆಡ್ ಬೇಕು ಎಂದ. ಶೆಡ್ಡಿಗೆ ಜಾಗ ಬೇಕು, ಜಾಗದಲ್ಲಿ ಆಕಾಶಮಲ್ಲಿಗೆ ಇದೆ, ಆದ್ದರಿಂದ ಅದನ್ನು ಕಡಿಯಬೇಕು ಎಂದು ಫೈಲು ಎಬ್ಬಿಸಿದ. ನೆರಳು ಮಾಡಲು ನೆರಳು ಕಡಿಯುವ ಆ ಫೈಲಿಗೆ ನಂಬರು ಹಾಕಿದವನು ನಾನೇ. ಮರಕ್ಕೆ ಸುಣ್ಣ ಬಳಿದು ಗುರುತು ಮಾಡಿದರು. ಗೇಟಿಗೆ ಒಂದು ಪ್ರಕಟಣೆ ಅಂಟಿಸಿದರು: ತಕರಾರು ಇದ್ದವರು ಇಂಥ ದಿನ, ಇಂಥ ಹೊತ್ತಿಗೆ, ಗಿಡದ ಹತ್ತಿರ ಹಾಜರಿದ್ದು ಅರ್ಜಿ ಕೊಡಬೇಕು, ಅರಣ್ಯದವರು ಬಂದು ವಿಚಾರಣೆ ಮಾಡುತ್ತಾರೆ.

ಕಾಕೂ ಅದನ್ನು ನನ್ನಿಂದ ಎರಡು ಸಲ ಓದಿಸಿದರು.

"ಫೋನ್ ಹಚ್ಚು ತಮ್ಮಾ. ಐದೂ ಮಂದಿ ಸಾಹೇಬ್ರಿಗೆ ಹಚ್ಚು."

"ಕಾಕೂ, ಎಲ್ಲಾರೂ ಒಂದ ದಿನಾ, ಒಂದ ಹೊತ್ತಿಗಿ ಬರತಾರ್ರಿ. ನಿಮ್ಮ ಸುಳ್ಳ ಬಯಲಿಗಿ ಬೀಳತೈತಿ."

"ಬೀಳಲಿ."

"ಮೂರು ತಿಂಗಳಿಗಿ ನೀವು ರಿಟೈರ್ ಆಗೂವ್ರು. ಯಾರರ ಸಿಟ್ಟಿಲೆ ಮ್ಯಾಲೆ ಬರದರ ಪಿಂಚಣಿಗಿ ಕುತ್ತ ಬರತೈತ್ರಿ."

"ನಾ ಇಷ್ಟ ವರ್ಷ ಸುಳ್ಳ ಹೇಳಿದ್ದು ಆ ಗಿಡದ ಆಸರಕ್ಕ ನಿಂತು. ಈಗ ಅದಕ್ಕ ಕೊಡ್ಲಿ ಬಂದಾಗ ಬಾಯಿ ಮುಚಗೊಂಡು ಕುಂದ್ರಲೇನು? ಹಚ್ಚು ಫೋನು."

ಅಂದು ನೆಲ ನೋಡುತ್ತ ಹೇಳಿದರು. ನಾನು ಫೋನ್ ಹಚ್ಚಿದೆ.

ವಿಚಾರಣೆಯ ದಿನ ಹತ್ತೂವರೆಗೆಲ್ಲ ಬಂಗಲೆಯ ಮುಂದೆ ಐದು ಗಾಡಿ. ಐವರೂ ಇಸ್ತ್ರಿ ಅಂಗಿ ಹಾಕಿಕೊಂಡು, ಐವರೂ ಒಂದೊಂದು ಅರ್ಜಿ ಬರೆದುಕೊಂಡು ಬಂದಿದ್ದರು. ಒಬ್ಬರನ್ನೊಬ್ಬರು ನೋಡಿ ಮೊದಲು ಖುಷಿಪಟ್ಟರು. ಹಳೆಯ ಮಂದಿ, ಬೆನ್ನು ತಟ್ಟಿಕೊಂಡರು, ಸಕ್ಕರೆ ಕಾಯಿಲೆ ವಿಚಾರಿಸಿಕೊಂಡರು. "ನೀವ್ಯಾಕ ಬಂದ್ರಿ?" "ನನ್ನ ಗಿಡಾ ಕಡೀತಾರಂತ." "ನಿಮ್ಮದೂ ಕಡೀತಾರೇನು? ಯಾವುದದು?" ಐದು ಬೆರಳು ಒಂದೇ ಮರದ ಕಡೆ ಎದ್ದವು.

ಆಮೇಲೆ ಹತ್ತು ನಿಮಿಷ ನಡೆದದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ, ಹೊರಗೆ ಬರಲು ಧೈರ್ಯವಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ, ಇದು ನಮ್ಮಲ್ಲಿ ಯಾರ ಗಿಡವೂ ಅಲ್ಲವೇನೋ ಎಂಬ ಅನುಮಾನ ಬರುತ್ತಿತ್ತು. ಇವರು ಇಡೀ ಆಯುಷ್ಯ ಸರಕಾರಿ ನೌಕರಿ ಮಾಡಿದವರು. ಮರ ಯಾರದೆಂಬುದನ್ನು ಜ್ಯೇಷ್ಠತಾ ಪಟ್ಟಿಯ ಪ್ರಕಾರ ತೀರ್ಮಾನಿಸಲು ಕೂತರು. ನಾನು ಸೇವೆಗೆ ಸೇರಿದ್ದು ಮೊದಲು, ಆದ್ದರಿಂದ ನೆಟ್ಟವನು ನಾನು ಎಂದರು ಹಿರಿಯ ಸಾಹೇಬರು. ಬಡ್ತಿಯಲ್ಲಿ ನಾನು ಮುಂದಿದ್ದೆ ಎಂದರು ಮೀಸೆಯವರು. ಇಬ್ಬರು ತಾವು ಖಾಯಂ ಆಗಿ ಅಲ್ಲದಿದ್ದರೂ "ಪ್ರಭಾರ"ದಲ್ಲಿ ನೆಟ್ಟಿರಬಹುದೆಂಬ ರಾಜಿಗೆ ಬಂದರು.

ಅಷ್ಟರಲ್ಲಿ ಅರಣ್ಯದ ಅಧಿಕಾರಿ ಬಂದರು. ಮೈಸೂರು ಕಡೆಯ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಐದೂ ಅರ್ಜಿ ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು.

"ಒಂದೇ ಮರಾನ ಐದು ಜನ ನೆಟ್ಟಿದ್ದೀವಿ ಅಂದ್ರೆ ನಾನು ಯಾವ ಅರ್ಜೀನ ನಂಬಲಿ ಸಾರ್? ಯಾರು ನೆಟ್ಟಿದ್ದು ಅಂತ ಸರಿಯಾಗಿ ಹೇಳಿ. ಇಲ್ಲಾಂದ್ರೆ ಐದೂ ವಾಪಸ್ ಮಾಡಿ, ಕಡಿಯೋಕೆ ಒಪ್ಪಿಗೆ ಕೊಡ್ಬೇಕಾಗತ್ತೆ."

ಹೊಸ ಸಾಹೇಬನ ಮುಖ ಅರಳಿತು. ಕಾಕೂ ಕ್ರೋಟನ್ನುಗಳ ಮಧ್ಯದಿಂದ ಎದ್ದು ಬಂದರು. ಕುಡುಗೋಲು ಕೆಳಗಿಟ್ಟರು. ನೆಲ ನೋಡಿದರು. ಆಗಲೇ ನನಗೆ ಗೊತ್ತಾಯಿತು, ಇನ್ನು ನಿಜ ಬರುತ್ತದೆ ಎಂದು.

"ಇದನ್ನ ಇವರ್ಯಾರೂ ಹಚ್ಚಿಲ್ರಿ ಬಾಯಾರ. ಇದು ಬಂಗಲೇದ ಕಾಲದ್ದು. ಇವರು ಹಚ್ಚಿದ್ದು ಐದೂ ಸತ್ತಾವ್ರಿ. ಇವರಿಗಿ ಸುಳ್ಳ ಹೇಳಿದಾಕಿ ನಾನು."

ಮೊದಲು ಬಾಯಿ ಬಿಟ್ಟವರು ಮೀಸೆಯವರು. "ಏ, ಈಕಿಗೆ ವಯಸ್ಸಾಗೇತಿ. ಮರೆವು. ಬಿಸಲಾಗ ಕೆಲಸಾ ಮಾಡಿ ತಲಿ ಕೆಟ್ಟೈತಿ." ಉಳಿದವರೂ ಹೌದು ಹೌದೆಂದರು. ಇಷ್ಟು ವರ್ಷ ಹೇಳಿದ ಸುಳ್ಳನ್ನೆಲ್ಲ ನಂಬಿದ ಮಂದಿ, ಕಾಕೂ ಒಂದೇ ಒಂದು ನಿಜ ಹೇಳಿದ್ದೇ ತಡ, ಹುಚ್ಚಿ ಮಾಡಿಬಿಟ್ಟರು.

ಕಾಕೂಗೆ ಸಿಟ್ಟು ಬಂತು.

"ಮರೆವಾ? ಬರ್ರಿ ಇಲ್ಲಿ."

ಮೀಸೆಯವರ ರಟ್ಟೆ ಹಿಡಿದು ಗೇಟಿನ ಹತ್ತಿರ ಎಳೆದೊಯ್ದರು. "ನಿಮ್ಮ ಗುಲ್‌ಮೊಹರ್ ಇಲ್ಲಿತ್ರಿ. ಮೊಣಕಾಲ ಮಟಾ ಬಂದಿತ್ತು. ನಾಕು ಕಡೆ ಮುಳ್ಳ ಬಡದಿದ್ದೆ, ಆಡು ಮುಳ್ಳ ಹಾರಿ ಬಂದು ತಿಂತು. ಆ ಆಡಿನ ಮಾಲಕನ ಜೋಡಿ ಎರಡು ವರ್ಷ ನಾ ಮಾತಾಡಲಿಲ್ಲ." ಆಮೇಲೆ ಇನ್ನು ಮೂವರ ಕಡೆ ಒಬ್ಬೊಬ್ಬರಾಗಿ ತಿರುಗಿದರು. "ನಿಮ್ಮ ಸಂಪಿಗಿ ಈ ಮೂಲ್ಯಾಗ. ಒರಲಿ ಹತ್ತಿತು, ಬೇವಿನ ಹಿಂಡಿ ಹಾಕಿದೆ, ಸುಣ್ಣಾ ಹಾಕಿದೆ, ಉಳೀಲಿಲ್ಲ. ನಿಮ್ಮ ಸಿಲ್ವರ್ ಓಕ್ ಬಾವಿ ಬಾಜೂಕ, ನೀರ ನಿಂತು ಬೇರ ಕೊಳೀತು. ಮಳ್ಯಾಗ ಗೋಣಿ ಹೊದ್ದು ನೀರ ತೋಡಿ ಚೆಲ್ಲೇನಿ. ನೀವ ಹಚ್ಚಿದ್ದು ಬಾಟಲ್ ಬ್ರಶ್ರಿ. ಅದು ಅಗದಿ ಛಲೋ ಇತ್ತು, ಕುಡಿ ಒಡದಿತ್ತು. ನಿಮ್ಮ ವರ್ಗ ಆದ ದಿನಾ ನಿಮ್ಮ ಜೀಪ ಹಿಂದಕ್ಕ ಬಂದು ಅದರ ಮ್ಯಾಲೆ ಹೋತು. ನೀವು ಕಿಟಕ್ಯಾಗಿಂದ ನನಗ ಕೈ ಮಾಡಿ, ಗಿಡಾ ನೋಡಕೋಬೇ ಅಂದ್ರಿ."

ಜೀಪಿನ ಸಾಹೇಬರು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು.

ಕಡೆಗೆ ಹಿರಿಯ ಸಾಹೇಬರ ಮುಂದೆ ನಿಂತರು. "ನಿಮ್ಮದು ನೀಲಿ ಹೂವಿಂದ್ರಿ, ಜಕರಂದಾ. ಬ್ಯಾಸಿಗ್ಯಾಗ ಎರಿ ಬಿರಕ ಬಿಟ್ಟಿತು. ನಾ ಬಿರಕಿನ್ಯಾಗೆಲ್ಲಾ ಮಣ್ಣ ತುಂಬತಿದ್ದೆ. ಇತ್ತ ತುಂಬಿದರ ಅತ್ತ ಬಿಡತಿತ್ತು. ಕೊನೀಗಿ ಒಂದ ಎಲಿ ಉಳದಿತ್ರಿ. ಅದೂ ಉದುರಿದ ದಿನಾ ನಾ ಮನೀಗಿ ಹೋಗಿ ಉಣಲಿಲ್ಲ."

ಐವರೂ ಎಳೆಯ ಮಕ್ಕಳಂತೆ ಕೈಕಟ್ಟಿ ನಿಂತಿದ್ದರು. ತಾವು ಪೇಢೆ ತಿಂದು ಮರೆತ ಸಸಿಗಳಿಗೆ ಇಷ್ಟು ಮಂದಿ ಶತ್ರುಗಳೂ ಒಬ್ಬ ದಾದಿಯೂ ಇದ್ದರೆಂದು ಅವರಿಗೆ ಯಾರು ಹೇಳಿದ್ದರು? ನನಗೂ ಗೊತ್ತಿರಲಿಲ್ಲ. ಇಷ್ಟು ದಿನ ಈ ಕಾಕೂನ ಸುಳ್ಳಿಗೆ ನಾನು ನಕ್ಕಿದ್ದೆನಲ್ಲ ಎಂದುಕೊಂಡು ಬಾಗಿಲು ದಾಟಿ ಅವರ ಪಕ್ಕಕ್ಕೆ ಹೋಗಿ ನಿಂತೆ.

ಹಿರಿಯ ಸಾಹೇಬರು ಕೈ ಚಾಚಿ, "ಹೊಸಾ ಅರ್ಜಿ ಕೊಡ್ರಿ ಬಾಯಾರ" ಎಂದರು. ಅರ್ಜಿಯಲ್ಲಿ ಒಂದು ಕಾಲಂ ಇತ್ತು, "ಸದರಿ ಮರಕ್ಕೂ ಅರ್ಜಿದಾರರಿಗೂ ಇರುವ ಸಂಬಂಧ". ಅವರು ಅದರಲ್ಲಿ ನಿಧಾನವಾಗಿ ಬರೆದರು: "ನಾನು ನೆಟ್ಟಿಲ್ಲ. ಆದರೂ ನನ್ನದು." ಉಳಿದ ನಾಲ್ವರೂ ಜ್ಯೇಷ್ಠತೆಯ ಪ್ರಕಾರವೇ ಸಾಲಾಗಿ ಬಂದು, ತಮ್ಮ ತಮ್ಮ ಅರ್ಜಿಯ ಆ ಕಾಲಮ್ಮಿನಲ್ಲಿ "ಮೇಲಿನಂತೆ" ಎಂದು ಬರೆದು ಸಹಿ ಹಾಕಿದರು.

ಅರಣ್ಯದ ಅಧಿಕಾರಿ ಇನ್ನೊಂದು ಅರ್ಜಿ ತೆಗೆದು ಕಾಕೂನ ಕಡೆ ತಿರುಗಿದರು. "ನೀವೂ ಕೊಡಿ ಅಮ್ಮ. ನೀವು ಹೇಳಿ, ನಾನೇ ಬರ್ಕೋತೀನಿ. ಸಂಬಂಧ ಏನಂತ ಬರೀಲಿ? ನೀರು ಹಾಕಿದವರು ಅಂತ ಬರೀಲಾ?"

"ಬ್ಯಾಡ್ರಿ. ಅಷ್ಟ ದೊಡ್ಡ ಗಿಡಕ್ಕ ನನ್ನ ನೀರ ಯಾಕ ಬೇಕು?" ಕಾಕೂ ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ಇದರ ಹೆಸರಿಲೆ ಭಾಳ ವರ್ಷ ಸುಳ್ಳ ಹೇಳೇನಿ, ಅಂತ ಬರಕೋರಿ. ಖರೇ ಅಂದ್ರ ಅದೊಂದ ಐತ್ರಿ."

ಆಕೆ ಅದನ್ನು ಹಾಗೇ ಬರೆದುಕೊಂಡರು.

ಎರಡು ವಾರಕ್ಕೆ ಆದೇಶ ಬಂತು. ಲಕೋಟೆ ಒಡೆದವನು ನಾನು, ಕಾಕೂಗೆ ಓದಿ ಹೇಳಿದವನೂ ನಾನೇ. ಐವರು ಸಾಹೇಬರ ಅರ್ಜಿಗಳ ಮುಂದೆ ಬರೀ "ನೋಡಲಾಗಿದೆ" ಎಂದಿತ್ತು. ಆರನೆಯದರ ಮುಂದೆ ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದಿತ್ತು: "ಅರ್ಜಿದಾರರು ತಿಳಿಸಿದ ಸಂಬಂಧವು ಸ್ಥಳ ಪರಿಶೀಲನೆಯಲ್ಲಿ ದೃಢಪಟ್ಟಿದೆ. ಮರವನ್ನು ಕಡಿಯತಕ್ಕದ್ದಲ್ಲ."